ನಾಯಿಗೆ ಮನೆ ಅಡುಗೆ: ಅನ್ನ, ಚಿಕನ್ ಸರಿ, ಉಳಿದದ್ದು?

ಕರಿಯನಮನೆ, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮ ಕರಿಯ ನಾಟಿ ನಾಯಿ. ಮೂರು ವರ್ಷ, 15 ಕೆ.ಜಿ., ಸಂತಾನಹರಣ ಆಪರೇಷನ್ ಆಗಿದೆ. ಪ್ಯಾಕೆಟ್ ಫುಡ್ ಹಾಕಿದರೆ ಮೂಸಿ ನೋಡಿ ಹೊರಟುಹೋಗುತ್ತಾನೆ. ಹಾಗಾಗಿ ಮನೆಯಲ್ಲೇ ಮಾಡಿ ಹಾಕುತ್ತಿದ್ದೇವೆ. ಬೆಳಗ್ಗೆ ಅನ್ನ, ಬೇಯಿಸಿದ ಚಿಕನ್, ಒಂದು ಕ್ಯಾರೆಟ್, ಚಿಟಿಕೆ ಅರಿಶಿನ. ರಾತ್ರಿ ಅಮ್ಮ ಮೊಸರನ್ನ ಕಲಸಿ ಹಾಕುತ್ತಾರೆ, ಕೆಲವು ಸಲ ಮಿಕ್ಕಿದ ಸಾರನ್ನ. ಚುರುಕಾಗೇ ಇದ್ದಾನೆ. ಆದರೆ ಮೊನ್ನೆ ಲಸಿಕೆಗೆ ಹೋದಾಗ ಡಾಕ್ಟರು, ‘ಇದು ಹೊಟ್ಟೆ ತುಂಬುವ ಊಟ, ಪೂರ್ತಿ ಊಟ ಅಲ್ಲ’ ಅಂದರು. ಹಿಂದೆ ಕ್ಯೂ ಇತ್ತು, ಜಾಸ್ತಿ ಕೇಳೋಕೆ ಆಗಲಿಲ್ಲ. ಏನು ಕಮ್ಮಿ ಆಗುತ್ತಿದೆ? ಅಳತೆ ಸಮೇತ ಹೇಳಿದರೆ ಉಪಕಾರ.

ಕಂತ್ರಿಅಮ್ಮ, ಬೆಂಗಳೂರು

ಮೊದಲು ಆ ಸಾರನ್ನ ನಿಲ್ಲಿಸಿ. ಉಳಿದದ್ದೆಲ್ಲ ಆಮೇಲೆ ನೋಡೋಣ.

ನಮ್ಮ ಸಾರು, ಹುಳಿಯಲ್ಲಿ ನಾಯಿಗೆ ಆಗದ್ದೇ ಜಾಸ್ತಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗಲ್ಲ. ಒಂದೇ ದಿನ ಜಾಸ್ತಿ ತಿಂದರೂ ಅಪಾಯ, ದಿನಾ ಸ್ವಲ್ಪ ಸ್ವಲ್ಪ ತಿಂದರೂ ಅಪಾಯ. ಒಸಡು ಬಿಳಿಚಿಕೊಂಡು, ನಾಯಿ ಸುಸ್ತಾಗಿ ಮಲಗಿದ ಮೇಲೇ ನಮಗೆ ಗೊತ್ತಾಗೋದು.

ಇನ್ನೊಂದು ಹುಣಸೆಹಣ್ಣು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ ಅನ್ನೋದು ಹಳೇ ಸುದ್ದಿ. ಯಾಕೆ ಅನ್ನೋದು ಬಹಳ ವರ್ಷ ಗೊತ್ತಿರಲಿಲ್ಲ. ಈಗ ಸಂಶೋಧಕರ ಅನುಮಾನ ಇರುವುದು ಟಾರ್ಟಾರಿಕ್ ಆಮ್ಲದ ಮೇಲೆ. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಧಾರಾಳವಾಗಿದೆ. ಹುಣಸೆ ತಿಂದ ನಾಯಿಗಳ ಕಿಡ್ನಿ ಕೆಟ್ಟಿದ್ದೂ ವರದಿಯಾಗಿದೆ. ನಮ್ಮ ಕಡೆ ಹುಣಸೆ ಇಲ್ಲದ ಸಾರು ಯಾವುದಿದೆ ಹೇಳಿ? ಹಾಗಾಗಿ ಸಾರು, ಹುಳಿ, ಗೊಜ್ಜು, ಪುಳಿಯೋಗರೆ ಯಾವುದೂ ಬೇಡ. ಚಾಕೊಲೇಟ್, ಮದ್ಯ, ಸಕ್ಕರೆ ಬದಲು ಜೈಲಿಟಾಲ್ ಹಾಕಿದ ಚೂಯಿಂಗ್ ಗಮ್, ಸಿಹಿತಿಂಡಿ ಕೂಡ ಬೇಡವೇ ಬೇಡ. ಹಬ್ಬದ ದಿನ ತುಪ್ಪ, ಕರಿದದ್ದು ಹಾಕಿದರೆ ಪ್ಯಾಂಕ್ರಿಯಾಸ್ ಊದಿಕೊಂಡು ಆಸ್ಪತ್ರೆ ಸೇರುವ ನಾಯಿಗಳೂ ಇವೆ.

ಕರಿಯನಮನೆ, ತುಮಕೂರು

ಹುಣಸೆ ವಿಷಯ ಗೊತ್ತೇ ಇರಲಿಲ್ಲ ಅಕ್ಕ. ಅಮ್ಮನಿಗೆ ಓದಿ ಹೇಳಿದೆ. ಇವತ್ತಿನಿಂದಲೇ ಬಂದ್.

ತಕ್ಕಡಿ, ಮೈಸೂರು

ಅಳತೆ ಕೇಳಿದ್ದೀರಲ್ಲ, ಬನ್ನಿ ಲೆಕ್ಕ ಹಾಕೋಣ. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನವಾಗಿ ಓದಿ.

ಮೊದಲು ಎಷ್ಟು ಕ್ಯಾಲೊರಿ ಅಂತ. ಮೊಬೈಲಿನ ಕ್ಯಾಲ್ಕುಲೇಟರ್ ತೆಗೆಯಿರಿ. ತೂಕವನ್ನು ಅದರಿಂದಲೇ ಎರಡು ಸಲ ಗುಣಿಸಿ: 15 × 15 × 15 = 3375. ವರ್ಗಮೂಲದ ಬಟನ್ ಎರಡು ಸಲ ಒತ್ತಿ, 7.62 ಬರುತ್ತದೆ. ಅದನ್ನು 70ರಿಂದ ಗುಣಿಸಿದರೆ ಸುಮಾರು 533. ಇದು ಸುಮ್ನೆ ಮಲಗಿರುವ ನಾಯಿಗೆ ಬೇಕಾದ್ದು. ಆಪರೇಷನ್ ಆದ, ಮಾಮೂಲಿ ಓಡಾಟದ ನಾಯಿಗೆ 1.6ರಿಂದ ಗುಣಿಸುತ್ತಾರೆ. ಸುಮಾರು 850 ಕ್ಯಾಲೊರಿ. ಇದು ಶುರು ಮಾಡೋಕೆ ಮಾತ್ರ. ಮನೆಯೊಳಗೇ ಇರುವ ನಾಯಿಗೆ ಇಷ್ಟೂ ಬೇಕಾಗದೇ ಇರಬಹುದು. ಎರಡು ವಾರಕ್ಕೊಮ್ಮೆ ತೂಕ ನೋಡಿ ಹೆಚ್ಚು ಕಮ್ಮಿ ಮಾಡಿಕೊಳ್ಳಿ.

ಈಗ ಒಂದು ದಿನದ ಊಟ. ಎಲ್ಲವೂ ಬೇಯಿಸುವ ಮುಂಚಿನ ತೂಕ. ಎಲುಬು, ಚರ್ಮ ತೆಗೆದ ಚಿಕನ್ 250 ಗ್ರಾಂ. ಕೋಳಿ ಲಿವರ್ 20 ಗ್ರಾಂ. ಒಂದು ಮೊಟ್ಟೆ. ಅಕ್ಕಿ 70 ಗ್ರಾಂ, ರಾಗಿ ಹಿಟ್ಟು 30 ಗ್ರಾಂ. ಸಿಹಿಕುಂಬಳ, ಬೀನ್ಸ್, ಸೋರೆಕಾಯಿ ಯಾವುದಾದರೂ 100 ಗ್ರಾಂ. ಸೂರ್ಯಕಾಂತಿ ಎಣ್ಣೆ ಒಂದು ಟೀ ಚಮಚ. ಒಟ್ಟು 820 ಕ್ಯಾಲೊರಿ ಹತ್ತಿರ ಬರುತ್ತದೆ, ಪ್ರೋಟೀನ್ ಬೇಕಾದ್ದಕ್ಕಿಂತ ಚೆನ್ನಾಗೇ ಇದೆ. ಎಣ್ಣೆ ಯಾಕೆ ಅಂದರೆ ಚರ್ಮಕ್ಕೆ, ಕೂದಲಿಗೆ ಲಿನೋಲಿಕ್ ಆಮ್ಲ ಬೇಕು. ಕೊಬ್ಬರಿ ಎಣ್ಣೆಯಲ್ಲಿ ಅದು ತೀರಾ ಕಮ್ಮಿ. ಹಾಗಾಗಿ ಬದಲಿಗೆ ಕೊಬ್ಬರಿ ಎಣ್ಣೆ ಹಾಕಬೇಡಿ.

ನೋಡಿದರೆ ಭರ್ಜರಿ ಊಟ ಅಲ್ವಾ? ಆದರೆ ಕ್ಯಾಲ್ಸಿಯಂ ಲೆಕ್ಕ ಹಾಕಿ ನೋಡಿ. ಚಿಕನ್, ಅಕ್ಕಿ, ತರಕಾರಿ, ರಾಗಿ ಎಲ್ಲ ಸೇರಿಸಿದರೂ 200 ಮಿಲಿಗ್ರಾಂ ಆಸುಪಾಸು. ರಂಜಕ, ಅಂದರೆ ಫಾಸ್ಫರಸ್, 770ರ ಹತ್ತಿರ ಇದೆ. ನಾಯಿಗೆ ಕ್ಯಾಲ್ಸಿಯಂ ಫಾಸ್ಫರಸ್‌ನಷ್ಟಾದರೂ ಇರಬೇಕು, ಅದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದು. ಬೆಳೆದ ನಾಯಿಗೆ 1000 ಕ್ಯಾಲೊರಿ ಊಟಕ್ಕೆ 1ರಿಂದ 1.25 ಗ್ರಾಂ ಕ್ಯಾಲ್ಸಿಯಂ ಬೇಕು ಅಂತ ಲೆಕ್ಕ. ನಾವು ಕೊಡುತ್ತಿರುವುದು ಅದರ ಕಾಲು ಭಾಗ. ಊಟದಲ್ಲಿ ಸಿಗದಿದ್ದರೆ ದೇಹ ಸುಮ್ಮನಿರಲ್ಲ, ಎಲುಬಿನಿಂದ ತೆಗೆದು ರಕ್ತಕ್ಕೆ ಹಾಕಿಕೊಳ್ಳುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಎಲುಬು ಮಾತ್ರ ಒಳಗೊಳಗೇ ತೆಳ್ಳಗಾಗುತ್ತಾ ಹೋಗುತ್ತದೆ. ಕರಿಯ ಚುರುಕಾಗಿದ್ದಾನೆ ಅನ್ನೋದರಿಂದ ಇದು ಗೊತ್ತಾಗಲ್ಲ. ನಾನು ಇಷ್ಟುದ್ದ ಬರೆಯುತ್ತಿರುವುದೇ ಅದಕ್ಕೆ.

ಪರಿಹಾರ ಅಡುಗೆಮನೆಯಲ್ಲೇ ಇದೆ: ಮೊಟ್ಟೆ ಸಿಪ್ಪೆ. ಚೆನ್ನಾಗಿ ತೊಳೆದು, ಹತ್ತು ನಿಮಿಷ ಕುದಿಸಿ, ಒಣಗಿಸಿ, ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ. ಬೆರಳಲ್ಲಿ ಉಜ್ಜಿದರೆ ಮೈದಾ ಹಾಗೆ ಇರಬೇಕು, ತರಿ ಸಿಗಬಾರದು. ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಸಿಪ್ಪೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅದರಲ್ಲಿ 40 ಶೇಕಡ ಕ್ಯಾಲ್ಸಿಯಂ. ತಲೆ ಸವರಿದ ಅರ್ಧ ಟೀ ಚಮಚದಲ್ಲಿ ಸುಮಾರು 1 ಗ್ರಾಂ ಸಿಗುತ್ತದೆ. ಕರಿಯನ ಒಂದು ದಿನಕ್ಕೆ ಅಷ್ಟು ಸಾಕು. ಆಗ ಫಾಸ್ಫರಸ್ 770ಕ್ಕೆ ಕ್ಯಾಲ್ಸಿಯಂ 1200 ಆಯ್ತು, ಸರಿಹೋಯಿತು.

ಅಂಗಡಿಯ ಕ್ಯಾಲ್ಸಿಯಂ ಸಿರಪ್ ಹಾಕಬಹುದಾ ಅಂತ ಬಹಳ ಜನ ಕೇಳುತ್ತಾರೆ. ಬಾಟಲಿ ತಿರುಗಿಸಿ ಓದಿ. ಎಷ್ಟೋ ಸಿರಪ್‌ಗಳಲ್ಲಿ ಕ್ಯಾಲ್ಸಿಯಂ ಜೊತೆ ಫಾಸ್ಫರಸ್ ಕೂಡ ಇರುತ್ತದೆ. ಮಾಂಸದ ಊಟದಲ್ಲಿ ಫಾಸ್ಫರಸ್ ಈಗಾಗಲೇ ಬೇಕಾದಷ್ಟಿದೆ, ಮತ್ತೆ ಅದನ್ನೇ ಯಾಕೆ ಸೇರಿಸಬೇಕು?

ಹಳ್ಳಿಹೈದ, ಮಂಡ್ಯ

ತಪ್ಪು ತಿಳಿಯಬೇಡಿ ಸರ್. ನಮ್ಮ ತಾತನ ಕಾಲದಿಂದ ಮನೇಲಿ ನಾಯಿ ಇದೆ. ಮುದ್ದೆ, ಮಜ್ಜಿಗೆ, ಅಂಬಲಿ, ಬಾಡೂಟದ ದಿನ ಮೂಳೆ. ಅಷ್ಟೇ. ಗಟ್ಟಿಮುಟ್ಟಾಗಿ ಬದುಕಿದವು. ಯಾರೂ ತಕ್ಕಡಿ ಹಿಡಿಯಲಿಲ್ಲ. ರಾಗಿಯಲ್ಲೇ ಕ್ಯಾಲ್ಸಿಯಂ ಇಲ್ವಾ?

ತಕ್ಕಡಿ, ಮೈಸೂರು

ತಪ್ಪೇನಿಲ್ಲ ಅಣ್ಣ, ಒಳ್ಳೇ ಪ್ರಶ್ನೆ. ರಾಗಿಯನ್ನು ನಾನು ಬಿಟ್ಟುಕೊಡಲ್ಲ. ಧಾನ್ಯಗಳಲ್ಲೆಲ್ಲ ಅದಕ್ಕೇ ಕ್ಯಾಲ್ಸಿಯಂ ಜಾಸ್ತಿ, 100 ಗ್ರಾಂನಲ್ಲಿ 350 ಮಿಲಿಗ್ರಾಂ ಹತ್ತಿರ. ಅಕ್ಕಿಯಲ್ಲಿ ಬರೀ ಹತ್ತರ ಲೆಕ್ಕ. ಆದರೆ ರಾಗಿಯಲ್ಲಿ ಫೈಟೇಟ್ ಅನ್ನೋದೂ ಇದೆ, ಅದು ಕ್ಯಾಲ್ಸಿಯಂ, ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಟ್ಟು ನೆನೆಸಿ ಹುಳಿ ಬರಿಸಿ ಅಂಬಲಿ ಕಾಯಿಸಿದರೆ ಫೈಟೇಟ್ ಸ್ವಲ್ಪ ಇಳಿಯುತ್ತದೆ. ಆ ವಿಷಯದಲ್ಲಿ ನಿಮ್ಮ ತಾತ ಮಾಡಿದ್ದು ಸರಿಯೇ. ಆದರೆ ಬೇಕಾದ ಕ್ಯಾಲ್ಸಿಯಂ ಪೂರ್ತಿ ರಾಗಿಯಿಂದಲೇ ಬರಬೇಕು ಅಂದರೆ, ಕರಿಯ ದಿನಕ್ಕೆ 300 ಗ್ರಾಂ ಹಿಟ್ಟಿನ ಮುದ್ದೆ ತಿನ್ನಬೇಕು. ಅಷ್ಟರಲ್ಲೇ ಅವನ ಕ್ಯಾಲೊರಿ ಮುಗಿದು ಮೇಲಕ್ಕೂ ಹೋಗುತ್ತದೆ, ಮಾಂಸಕ್ಕೆ ಜಾಗವೇ ಇರಲ್ಲ.

ಧಾನ್ಯ ನಾಯಿಗೆ ಜೀರ್ಣವಾಗಲ್ಲ ಅನ್ನೋ ಮಾತನ್ನೂ ನಂಬಬೇಡಿ. ಪಿಷ್ಟ ಅರಗಿಸುವ ಕಿಣ್ವದ ಜೀನ್ ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚು ಪ್ರತಿ ಇದೆ ಅಂತ 2013ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಮನುಷ್ಯರ ಜೊತೆ ಬದುಕಿ ಬಂದ ಗುಣ ಅದು. ಚೆನ್ನಾಗಿ ಬೆಂದಿರಬೇಕು, ಅಷ್ಟೇ.

ಇನ್ನು ಹಳ್ಳಿ ನಾಯಿ. ಅದು ಮುದ್ದೆ ಒಂದೇ ತಿಂದು ಬದುಕಲಿಲ್ಲ ಅಣ್ಣ. ಹೊಲದಲ್ಲಿ ಇಲಿ, ಹೆಗ್ಗಣ ಹಿಡಿಯಿತು, ದನ ಕರು ಹಾಕಿದಾಗ ಬೀಳುವ ಕಸ (ಮಾಸು) ತಿಂದಿತು, ಮೂಳೆ ಅಗಿಯಿತು. ಬೇಕಾದ್ದನ್ನು ಅದೇ ಹುಡುಕಿಕೊಂಡಿತು. ಮೂರನೇ ಮಹಡಿಯ ನಾಯಿಗೆ ನಾವು ಹಾಕಿದ್ದೇ ಗತಿ. ಮರಿಯಲ್ಲೇ ಹೋದ ನಾಯಿಗಳನ್ನು ಯಾರೂ ನೆನಪಿಟ್ಟುಕೊಂಡಿಲ್ಲ, ಅದೂ ಒಂದು.

ಹಳ್ಳಿಹೈದ, ಮಂಡ್ಯ

ಮರಿಗಳ ಮಾತು ನಿಜ. ಒಂದು ಸೂಲಿನಲ್ಲಿ ಆರು ಹುಟ್ಟಿದರೆ ಎರಡು ಉಳಿಯುತ್ತಿದ್ದವು. ಒಪ್ಪಿದೆ.

ಮರಿಸಾಕಣೆ, ಹುಬ್ಬಳ್ಳಿ

ಮರಿ ಅಂದಿದ್ದಕ್ಕೆ ಹೇಳುತ್ತೇನೆ. ಮೇಲಿನ ಅಳತೆ ದೊಡ್ಡ ನಾಯಿಗೆ ಮಾತ್ರ. ದಯವಿಟ್ಟು ಮರಿಗೆ ಹಾಕಬೇಡಿ.

ಕಳೆದ ವರ್ಷ ನಾವು ಒಂದು ಲ್ಯಾಬ್ರಡಾರ್ ಮರಿಯನ್ನು ತಂದು ಆರೈಕೆ ಮಾಡಿದೆವು. ಮುಂಚಿನ ಮನೆಯವರು ಹಾಲನ್ನ, ಮೊಸರನ್ನ ಬಿಟ್ಟು ಬೇರೆ ಕೊಟ್ಟಿರಲಿಲ್ಲ. ಪ್ರೀತಿಯಿಂದಲೇ ಕೊಟ್ಟಿದ್ದರು. ಮುಂಗಾಲು ಬಿಲ್ಲಿನ ಹಾಗೆ ಬಾಗಿತ್ತು, ಪಾದ ಚಪ್ಪಟೆಯಾಗಿ ನೆಲಕ್ಕೆ ಒತ್ತುತ್ತಿತ್ತು. ಎತ್ತಿಕೊಂಡರೆ ಕುಂಯ್ ಅನ್ನುತ್ತಿತ್ತು. ಎಕ್ಸ್‌ರೇಯಲ್ಲಿ ಎಲುಬು ಮಾಂಸದಷ್ಟೇ ಮಂಕಾಗಿ ಕಾಣುತ್ತಿತ್ತು. ಕುಣಿದಾಡಲು ಬಿಟ್ಟರೆ ಕಾಲು ಮುರಿಯುತ್ತದೆ ಅಂತ ಡಾಕ್ಟರು ವಾರಗಟ್ಟಲೆ ಸಣ್ಣ ಜಾಗದಲ್ಲೇ ಇರಿಸಿದರು. ಊಟ ಸರಿ ಮಾಡಿದ ಮೇಲೆ ನೋವು ಹೋಯಿತು, ಕಾಲಿನ ಬಾಗು ಪೂರ್ತಿ ಹೋಗಲಿಲ್ಲ.

ಬೆಳೆಯುವ ಮರಿಗೆ 1000 ಕ್ಯಾಲೊರಿಗೆ 3 ಗ್ರಾಂ ಕ್ಯಾಲ್ಸಿಯಂ ಬೇಕು. ಹಾಗಂತ ಕಣ್ಣಳತೆಯಲ್ಲಿ ಸುರಿಯುವಂತಿಲ್ಲ. ದೊಡ್ಡ ತಳಿಯ ಮರಿಗೆ ಜಾಸ್ತಿಯಾದರೂ ಎಲುಬು, ಕೀಲು ಕೆಡುತ್ತದೆ. ಹೆಚ್ಚಾದ ಕ್ಯಾಲ್ಸಿಯಂ ಬೇಡ ಅಂತ ತಳ್ಳುವ ಶಕ್ತಿ ಮರಿಯ ದೇಹಕ್ಕೆ ಇನ್ನೂ ಬಂದಿರಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಬೆಳವಣಿಗೆ ಮುಗಿಯುವ ತನಕ ಒಳ್ಳೇ ಮರಿ ಫುಡ್ ಹಾಕಿ, ಮನೆ ಊಟ ಆಮೇಲೆ ಶುರು ಮಾಡಿ.

ಇನ್ನೊಂದು ಮಾತು. ಬಿಸಿಲಿಗೆ ಬಿಟ್ಟರೆ ವಿಟಮಿನ್ ಡಿ ಬರುತ್ತೆ ಅಂತ ಆ ಮನೆಯವರು ನಂಬಿದ್ದರು. ನಮಗೆ ಬರುತ್ತದೆ, ನಾಯಿಗೆ ಬರಲ್ಲ. ಅದರ ಚರ್ಮಕ್ಕೆ ಬಿಸಿಲಿನಿಂದ ಬೇಕಾದಷ್ಟು ಡಿ ಮಾಡಿಕೊಳ್ಳೋಕೆ ಆಗಲ್ಲ. ಊಟದಿಂದಲೇ ಬರಬೇಕು.

ಬೂತಾಯಿ, ಉಡುಪಿ

ವಿಟಮಿನ್ ಡಿ ಅಂದರಲ್ಲ, ನಮ್ಮ ಕರಾವಳಿಯವರಿಗೆ ಅದು ಸುಲಭ. ವಾರಕ್ಕೆ ಎರಡು ದಿನ ಚಿಕನ್ ಬದಲು ಬೂತಾಯಿ ಮೀನು ಹಾಕುತ್ತೇನೆ. ತಲೆ, ಹೊಟ್ಟೆ ತೆಗೆದು, ಉಪ್ಪು ಖಾರ ಏನೂ ಇಲ್ಲದೆ ಸ್ವಲ್ಪ ನೀರಲ್ಲಿ ಕುಕ್ಕರಿನಲ್ಲಿ ಅರ್ಧ ಗಂಟೆ. ನಡುಮುಳ್ಳು ಬೆರಳಲ್ಲಿ ಹಿಚುಕಿದರೆ ಪುಡಿಯಾಗಬೇಕು. ಆಗದಿದ್ದರೆ ಇನ್ನೂ ಬೇಯಿಸಿ ಅಥವಾ ಬಿಡಿಸಿ ತೆಗೆಯಿರಿ. ಒಮೆಗಾ-3 ಕೂಡ ಬರುತ್ತದೆ. ಬಂಗುಡೆಯೂ ಆಗುತ್ತದೆ, ಮುಳ್ಳು ಮಾತ್ರ ಪೂರ್ತಿ ಬಿಡಿಸಿ. ಒಣಮೀನು ಬೇಡ, ಅದರಲ್ಲಿ ಉಪ್ಪು ವಿಪರೀತ.

ಬೇಯಿಸಿದ ಕೋಳಿ ಮೂಳೆ, ಕುರಿ ಮೂಳೆ ಯಾವತ್ತೂ ಹಾಕಬೇಡಿ. ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಸಸ್ಯಾಹಾರಿಮನೆ, ಶಿವಮೊಗ್ಗ

ನಮ್ಮ ಮನೆಯಲ್ಲಿ ಮಾಂಸ ತರುವಂತಿಲ್ಲ. ಅತ್ತೆ ಮೊಟ್ಟೆಗೆ ಒಪ್ಪಿದ್ದಾರೆ, ಅದೂ ಹಿತ್ತಲಲ್ಲಿ ಬೇರೆ ಸ್ಟವ್, ಬೇರೆ ಪಾತ್ರೆ. ನಮ್ಮ ಪುಟ್ಟಿಗೆ ನ್ಯಾಯ ಒದಗಿಸೋಕೆ ಆಗುತ್ತಾ?

ತಕ್ಕಡಿ, ಮೈಸೂರು

ಆಗುತ್ತದೆ ಮೇಡಂ. ಬೆಕ್ಕಿಗಾದರೆ ಖಂಡಿತ ಬೇಡ ಅನ್ನುತ್ತಿದ್ದೆ. ನಾಯಿಗೆ ಆಗುತ್ತದೆ, ಆದರೆ ಜಾಸ್ತಿ ಎಚ್ಚರ ಬೇಕು. ಮೊಸರನ್ನದ ಮೇಲೆ ನಿಲ್ಲಬೇಡಿ. ಒಂದು ಬಟ್ಟಲು ಅನ್ನ, 100 ಗ್ರಾಂ ಮೊಸರು ಸೇರಿದರೂ ಎಂಟೊಂಬತ್ತು ಗ್ರಾಂ ಪ್ರೋಟೀನ್. ಕರಿಯನಷ್ಟು ದೊಡ್ಡ ನಾಯಿಗೆ 40ರ ಹತ್ತಿರ ಬೇಕು. ಮೊಟ್ಟೆ ಒಂದಕ್ಕೆ 6 ಗ್ರಾಂ, ಒಣ ಮೀಲ್ ಮೇಕರ್ 100 ಗ್ರಾಂನಲ್ಲಿ ಸುಮಾರು 50 ಗ್ರಾಂ ಸಿಗುತ್ತದೆ. ಬಿಸಿನೀರಲ್ಲಿ ನೆನೆಸಿ, ಹಿಂಡಿ, ಮತ್ತೆ ಬೇಯಿಸಿ ಹಾಕಿ. ಶುರುವಲ್ಲಿ ಗ್ಯಾಸ್ ಆಗುತ್ತದೆ, ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಪನೀರ್, ಹೆಸರುಬೇಳೆ ಕೂಡ ಸೇರಿಸಬಹುದು. ಹಾಲಿಗಿಂತ ಮೊಸರು ವಾಸಿ, ಹಾಲು ಕೆಲವು ನಾಯಿಗೆ ಭೇದಿ ಮಾಡಿಸುತ್ತದೆ. ಮಾಂಸ ಇಲ್ಲದ ಊಟದಲ್ಲಿ ಬಿ12, ಡಿ, ಸತು, ಟಾರಿನ್ ಎಲ್ಲ ನೋಡಬೇಕು. ಪೂರಕ ಪುಡಿ ಇಲ್ಲದೆ ಆಗುವ ಕೆಲಸ ಅಲ್ಲ, ಡಾಕ್ಟರ ಹತ್ತಿರ ಕೂತು ಬರೆಸಿಕೊಳ್ಳಿ.

ಮುಧೋಳಬೇಟೆ, ಬಾಗಲಕೋಟೆ

ನಮ್ಮ ಕಡೆ ಮುಧೋಳ ನಾಯಿಗೆ ಜೋಳದ ನುಚ್ಚು, ಹಾಲು, ಮೊಟ್ಟೆ ರೂಢಿ. ಈಗ ನಾನು ವಾರಕ್ಕೆ ನಾಲ್ಕು ದಿನ ಮಾಂಸ ಸೇರಿಸುತ್ತೇನೆ. ಒಂದು ಮಾತು ಹೇಳಬೇಕಿತ್ತು. ಪಕ್ಕೆಲುಬು ಕಾಣಬಾರದು ಅಂತ ಎಲ್ಲರೂ ಹೇಳುತ್ತಾರೆ. ಮುಧೋಳ ನಾಯಿ ಮೈಯೇ ಸಪೂರ, ಹಿಂದಿನ ಒಂದೆರಡು ಪಕ್ಕೆಲುಬು ಕಂಡರೆ ಅದು ಉಪವಾಸ ಅಲ್ಲ. ಅದನ್ನು ನೋಡಿ ನೆಂಟರು ಮರುಗಿ ಜಾಸ್ತಿ ಹಾಕಿಸಿ ಕೆಡಿಸುತ್ತಾರೆ. ಬೇರೆ ನಾಯಿಗಳಿಗೆ ಪಕ್ಕೆ ಮೇಲೆ ಅಂಗೈ ಸವರಿ ನೋಡಿ. ಒತ್ತದೆಯೇ ಎಲುಬು ಕೈಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು.

ದೂರದಕನ್ನಡತಿ, ನ್ಯೂಜೆರ್ಸಿ

ಇಲ್ಲಿ ನಾಯಿಗಳ ಪೌಷ್ಟಿಕಾಂಶಕ್ಕೆ ಅಂತಲೇ ಬೇರೆ ಸ್ಪೆಷಲಿಸ್ಟ್ ಡಾಕ್ಟರುಗಳಿದ್ದಾರೆ. ನಮ್ಮ ಮುದಿ ನಾಯಿಗೆ ಅವರಿಂದಲೇ ರೆಸಿಪಿ ಬರೆಸಿಕೊಂಡೆ. ಅವರು ಹೇಳಿದ ಒಂದು ವಿಷಯ ಇಲ್ಲಿ ಹಂಚಿಕೊಳ್ಳಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು 2013ರಲ್ಲಿ ಪುಸ್ತಕ, ವೆಬ್‌ಸೈಟುಗಳಿಂದ 200 ರೆಸಿಪಿ ತೆಗೆದುಕೊಂಡು ಪರೀಕ್ಷೆ ಮಾಡಿದರು. 95 ಶೇಕಡ ರೆಸಿಪಿಗಳಲ್ಲಿ ಒಂದಾದರೂ ಅಗತ್ಯ ಪೋಷಕಾಂಶ ಕಮ್ಮಿ ಇತ್ತು. ದಿನಕ್ಕೊಂದು ರೆಸಿಪಿ ಬದಲಾಯಿಸಿದರೆ ಸರಿಹೋಗುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಹಾಗಾಗಲ್ಲವಂತೆ, ಯಾಕೆಂದರೆ ಬಹಳಷ್ಟು ರೆಸಿಪಿಗಳಲ್ಲಿ ಕಮ್ಮಿ ಇರುವುದು ಅವೇ ಅವು.

ತಕ್ಕಡಿ ಅವರೇ, ನೀವು ಕೊಟ್ಟ ಊಟದಲ್ಲೂ ಸತು, ಅಯೋಡಿನ್, ವಿಟಮಿನ್ ಇ ಕಮ್ಮಿ ಬೀಳುತ್ತವೆ ಅಲ್ವಾ?

ತಕ್ಕಡಿ, ಮೈಸೂರು

ಹೌದು, ಅದನ್ನೇ ಬರೆಯೋಣ ಅಂತಿದ್ದೆ. ಆ ಊಟದಲ್ಲಿ ಸತು 7 ಮಿಲಿಗ್ರಾಂ ಆಸುಪಾಸು, ಬೇಕಾಗಿರುವುದು 13ರಿಂದ 17. ಸತು ಕಮ್ಮಿಯಾದರೆ ಕಣ್ಣು, ಬಾಯಿ ಸುತ್ತ, ಪಾದದಲ್ಲಿ ಚರ್ಮ ಹಕ್ಕಳೆ ಕಟ್ಟುತ್ತದೆ. ಅಯೋಡಿನ್‌ಗೆ ಒಂದು ಚಿಟಿಕೆ ಅಯೋಡಿನ್ ಉಪ್ಪು ಹಾಕಬಹುದು, ಆದರೆ ಅದರಿಂದ ಪೂರ್ತಿ ಬರಲ್ಲ. ಪೂರ್ತಿ ಬರಿಸೋಕೆ ಹೋದರೆ ಉಪ್ಪು ವಿಪರೀತ ಆಗುತ್ತದೆ. ಮೀನು ಇಲ್ಲದ ದಿನ ಡಿ ಕೂಡ ಕಮ್ಮಿ. ಈ ಸಣ್ಣಪುಟ್ಟವನ್ನೆಲ್ಲ ತರಕಾರಿ ಬದಲಾಯಿಸಿ ತುಂಬಿಸೋಕೆ ಆಗಲ್ಲ. ನುಗ್ಗೆಸೊಪ್ಪು ಹಾಕಿದರೂ ಆಗಲ್ಲ.

ಹಾಗಾಗಿ ಮನೆ ಊಟಕ್ಕೆ ಅಂತಲೇ ಮಾಡಿದ ವಿಟಮಿನ್-ಖನಿಜದ ಪುಡಿ ಬೇಕೇ ಬೇಕು. ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ಪ್ರತಿಯೊಂದೂ ಎಷ್ಟು ಮಿಲಿಗ್ರಾಂ ಅಂತ ಡಬ್ಬದ ಮೇಲೆ ಬರೆದಿರಬೇಕು. ಎರಡು, ಅದರಲ್ಲೇ ಕ್ಯಾಲ್ಸಿಯಂ ಇದ್ದರೆ ಮೊಟ್ಟೆ ಸಿಪ್ಪೆ ಅಷ್ಟು ಕಮ್ಮಿ ಮಾಡಬೇಕು. ನಮ್ಮ ಮಲ್ಟಿವಿಟಮಿನ್ ಮಾತ್ರೆ ಹಾಕಬೇಡಿ. ಕೆಲವದರಲ್ಲಿ ಜೈಲಿಟಾಲ್ ಇರುತ್ತದೆ, ಡಿ ಪ್ರಮಾಣವೂ ನಾಯಿಗೆ ಅತಿಯಾಗಬಹುದು.

ಕಿಡ್ನಿ, ಲಿವರ್, ಮೂತ್ರಕಲ್ಲಿನ ತೊಂದರೆ ಇರುವ ನಾಯಿಗೆ ಇಲ್ಲಿ ಬರೆದ ಯಾವ ಅಳತೆಯೂ ಅನ್ವಯಿಸಲ್ಲ. ಕಿಡ್ನಿ ಕೆಟ್ಟಿದ್ದರೆ ಫಾಸ್ಫರಸ್ ಇಳಿಸಬೇಕು, ಲೆಕ್ಕವೇ ಬೇರೆ. ಬೆಂಗಳೂರು ಕಡೆಯವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೂ ಹೋಗಿ ಕೇಳಬಹುದು. ಒಂದು ವಾರ ಹಾಕಿದ್ದನ್ನೆಲ್ಲ ಗ್ರಾಂನಲ್ಲಿ ಬರೆದಿಟ್ಟುಕೊಂಡು ಹೋಗಿ. ಡಾಕ್ಟರಿಗೆ ಹೇಳೋಕೆ ಸುಲಭವಾಗುತ್ತದೆ, ಕ್ಯೂ ಇದ್ದರೂ.

ಕಂತ್ರಿಅಮ್ಮ, ಬೆಂಗಳೂರು

ಹಸಿ ಚಿಕನ್ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ ಅಂತ ಸೇರಿಸುತ್ತೇನೆ. ಸಾಲ್ಮೊನೆಲ್ಲ ಬಂದರೆ ನಾಯಿಗೂ ಕಷ್ಟ, ಮನೇಲಿರುವ ಮಕ್ಕಳು, ವಯಸ್ಸಾದವರಿಗೂ ಕಷ್ಟ. ನಾನು ಬೀದಿ ನಾಯಿಗಳಿಗೆ ದೊಡ್ಡ ಹಂಡೆಯಲ್ಲಿ ಮಾಡುತ್ತೇನೆ. ಅಲ್ಲೂ ಬೇಯಿಸಿಯೇ, ಮೂಳೆ ಆರಿಸಿಯೇ ಹಾಕೋದು. ಅಷ್ಟು ನಾಯಿಗೆ ಪುಡಿ ಕೊಳ್ಳೋಕೆ ಆಗಲ್ಲ, ಆದರೆ ಸಿಪ್ಪೆ ಪುಡಿಗೆ ದುಡ್ಡು ಬೇಕಿಲ್ಲ. ಬೀದಿ ಕೊನೆಯ ಎಗ್ ರೈಸ್ ಗಾಡಿಯವರು ದಿನಾ ಸಂಜೆ ಒಂದು ಚೀಲ ಸಿಪ್ಪೆ ಎತ್ತಿಟ್ಟಿರುತ್ತಾರೆ.

ಕರಿಯನಮನೆ, ತುಮಕೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾನು ಒಂದು ತಕ್ಕಡಿ ತಂದಿದ್ದೇನೆ, ಅಮ್ಮ ಸಿಪ್ಪೆ ಒಣಗಿಸೋಕೆ ಇಟ್ಟಿದ್ದಾರೆ. ಪುಡಿ ಯಾವುದು ಅಂತ ಶನಿವಾರ ಡಾಕ್ಟರ ಹತ್ತಿರ ಕೇಳುತ್ತೇನೆ. ಎರಡು ಸಣ್ಣ ಪ್ರಶ್ನೆ. ಹೊಸ ಊಟ ಒಂದೇ ದಿನಕ್ಕೆ ಬದಲಾಯಿಸಬಹುದಾ? ದಿನಾ 20 ಗ್ರಾಂ ಲಿವರ್ ಯಾರು ಕೊಡುತ್ತಾರೆ? ಅಂಗಡಿಯವನು ಕಾಲು ಕೆ.ಜಿ.ಗಿಂತ ಕಮ್ಮಿ ತೂಗಲ್ಲ.

ತಕ್ಕಡಿ, ಮೈಸೂರು

ಒಂದೇ ದಿನಕ್ಕೆ ಬೇಡ. ಒಂದು ವಾರ, ಹತ್ತು ದಿನ ತಗೊಳ್ಳಿ. ಹಳೇ ಊಟದಲ್ಲಿ ಹೊಸದನ್ನು ಕಾಲು ಭಾಗ ಸೇರಿಸಿ, ಮಲ ಗಟ್ಟಿಯಾಗಿದ್ದರೆ ಅರ್ಧಕ್ಕೆ ಹೋಗಿ. ಸಿಪ್ಪೆ ಪುಡಿ ಜಾಸ್ತಿಯಾದರೆ ಮಲ ಸುಣ್ಣದ ಹಾಗೆ ಬಿಳಿಚಿ ಗಟ್ಟಿಯಾಗುತ್ತದೆ, ಆಗ ಅಳತೆ ಮತ್ತೆ ನೋಡಿ.

ಲಿವರ್ ಕಾಲು ಕೆ.ಜಿ.ಯೇ ತನ್ನಿ. ಒಟ್ಟಿಗೆ ಹಸಿಯಾಗೇ ತೂಗಿ, 20 ಗ್ರಾಂನ ಹನ್ನೆರಡು ಭಾಗ ಮಾಡಿ, ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿನಲ್ಲಿಡಿ. ದಿನಾ ಒಂದು ತೆಗೆದು ಚಿಕನ್ ಜೊತೆ ಬೇಯಲು ಹಾಕಿ. ಇಷ್ಟಪಟ್ಟು ತಿನ್ನುತ್ತಾನೆ ಅಂತ ಎರಡು ಹಾಕಬೇಡಿ, ವಿಟಮಿನ್ ಎ ಮೈಯಲ್ಲಿ ಶೇಖರವಾಗುತ್ತಾ ಹೋಗುತ್ತದೆ. ಬೇಯಿಸಿದ ಊಟ ಫ್ರಿಜ್ಜಿನಲ್ಲಿ ಎರಡು ದಿನ ಇಡಬಹುದು. ಸಿಪ್ಪೆ ಪುಡಿ, ವಿಟಮಿನ್ ಪುಡಿ ಎರಡನ್ನೂ ಬೇಯಿಸುವಾಗ ಹಾಕಬೇಡಿ, ಊಟ ಆರಿದ ಮೇಲೆ ತಟ್ಟೆಯಲ್ಲಿ ಕಲಸಿ.